ಪಿನ್ ಪಾರ್ವತಿಗೆ ಯಾವ ಫೋನ್ ಒಯ್ಯೋದು?

17 ಆಗಸ್ಟ್ 2025, ಭಾನುವಾರ

ಮುಂದಿನ ತಿಂಗಳು ಹಿಮಾಚಲ ಪ್ರದೇಶದ ಪಿನ್ ಪಾರ್ವತಿ ಪಾಸ್‌ಗೆ ಹೊರಟಿದ್ದೇವೆ. 5,319 ಮೀಟರ್ ಎತ್ತರದಲ್ಲಿ ಬೆಟ್ಟ ದಾಟುವ ದಾರಿ. ಖೀರ್‌ಗಂಗಾ ದಾಟಿದ ಮೇಲೆ ಸ್ಪಿತಿ ಕಡೆಯ ಮುದ್ ಊರು ಸೇರುವ ತನಕ ಮೊಬೈಲನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಶೂ, ಟೆಂಟು, ರಜೆ ಎಲ್ಲಾ ಆಯ್ತು. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಕೆಳಗೆ ಸುದ್ದಿ ಮುಟ್ಟಿಸೋದು ಹೇಗೆ ಅನ್ನೋದು ಮಾತ್ರ ಬಾಕಿ ಇತ್ತು.

ಅಣ್ಣ ಅಮೆರಿಕದಿಂದ ಬರುವಾಗ ಗಾರ್ಮಿನ್ ಇನ್‌ರೀಚ್ ಮಿನಿ ತರ್ತೀನಿ ಅಂದ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಒಳ್ಳೇ ಸಾಧನ. ತೂಕ 100 ಗ್ರಾಂ, ಬೆನ್ನಿಗೆ ಇರಿಡಿಯಂ ಕಂಪನಿಯ 66 ಉಪಗ್ರಹಗಳ ಜಾಲ, ಎಸ್‌ಒಎಸ್ ಒತ್ತಿದರೆ ಆ ಕಡೆಯಿಂದ ಉತ್ತರವೂ ಬರುತ್ತೆ. ಆದರೂ ಬೇಡ ಅಂದೆ. ಅನುಮತಿ ಇಲ್ಲದೆ ಇದನ್ನು ನಮ್ಮ ದೇಶಕ್ಕೆ ತರೋದೇ ಅಪರಾಧ. ಕಾನೂನು ಗೊತ್ತಿಲ್ಲದೆ ಬ್ಯಾಗಲ್ಲಿಟ್ಟುಕೊಂಡು ಬಂದ ವಿದೇಶಿಯರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದಾರೆ.

ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ವಾಕಿಟಾಕಿ ಎರಡು ತಗೊಳ್ತೀವಿ. ಅರ್ಧ ವ್ಯಾಟ್ ಅಷ್ಟೇ. ಮುಂದೆ ಹೋದವರು, ಹಿಂದೆ ಉಳಿದವರು ಮಾತಾಡಿಕೊಳ್ಳೋಕೆ ಸಾಕು, ಮಧ್ಯೆ ಒಂದು ಗುಡ್ಡ ಬಂದರೆ ಅದೂ ಇಲ್ಲ.

ಉಳಿದಿದ್ದು ಬಿಎಸ್‌ಎನ್‌ಎಲ್ ಮೂಲಕ, ದೂರಸಂಪರ್ಕ ಇಲಾಖೆಯ ಅನುಮತಿ ಪಡೆದು ಇಟ್ಟುಕೊಳ್ಳುವ ಇನ್‌ಮಾರ್‌ಸ್ಯಾಟ್ ಕಂಪನಿಯ ಉಪಗ್ರಹ ಫೋನು. ನಮ್ಮಂಥವರ ಕೈಗೆ ಸುಲಭಕ್ಕೆ ಸಿಗಲ್ಲ, ಹಾಗಾಗಿ ಅದನ್ನು ಇಟ್ಟುಕೊಂಡಿರುವ ಚಾರಣ ಏಜೆನ್ಸಿಯನ್ನೇ ಹುಡುಕಬೇಕು. ಇದರ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಿರುತ್ತೆ. ಅಂದ್ರೆ ಹಿಮಾಲಯದಲ್ಲಿ ಆಂಟೆನಾ ಎಳೆದು ದಕ್ಷಿಣಕ್ಕೆ ಹಿಡಿಯಬೇಕು. ಆ ಕಡೆ ಗೋಡೆ ಥರ ಬೆಟ್ಟ ನಿಂತಿದ್ದರೆ ಫೋನಿದ್ದೂ ಪ್ರಯೋಜನವಿಲ್ಲ. ಟೆಂಟ್ ಹಾಕುವ ಜಾಗದಲ್ಲಿ ನೀರು ನೋಡಿದ ಹಾಗೇ ದಕ್ಷಿಣದ ಆಕಾಶವನ್ನೂ ನೋಡಿಕೊಳ್ಳಬೇಕು.

ಇಷ್ಟೆಲ್ಲಾ ತಲೆಕೆಡಿಸಿಕೊಳ್ಳೋದು ಸುಮ್ನೆ ಅಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ತಂಡದ 9 ಮಂದಿ ತೀರಿಕೊಂಡರು. ಸುದ್ದಿ ಹೊರಗೆ ಬರಬೇಕಾದರೆ ಸಿಗ್ನಲ್ ಸಿಗುವ ಕಡೆಗೆ ಯಾರಾದರೂ ನಡೆದೇ ಬರಬೇಕಿತ್ತು. ಅದೇ ವರ್ಷ ಇಸ್ರೊ ಮೀನುಗಾರರಿಗೆ ಅಂತ ಹೊಸ ಅಪಾಯ ಸೂಚಕ ಪೆಟ್ಟಿಗೆ ತಂದಿತ್ತು, ಗುಂಡಿ ಒತ್ತಿದವನಿಗೆ ‘ನಿನ್ನ ಕರೆ ತಲುಪಿದೆ’ ಅಂತ ತಿರುಗಿ ತಿಳಿಸುವಂಥದ್ದು. ಸಮುದ್ರಕ್ಕೆ ಕೊಟ್ಟಿದ್ದನ್ನು ಬೆಟ್ಟಕ್ಕೂ ಕೊಡಬಹುದಲ್ವಾ? ಬಾಡಿಗೆಗಾದರೂ ಸರಿ, ಹೆಸರು, ಆಧಾರ್ ಬರೆಸಿಕೊಂಡು ಅರಣ್ಯ ಇಲಾಖೆಯ ಗೇಟಲ್ಲೇ ಕೊಡಲಿ.

ನಾಳೆ ಏಜೆನ್ಸಿಯವರಿಗೆ ಫೋನ್ ಮಾಡಿ ಅನುಮತಿ ಪತ್ರದ ಫೋಟೊ ಕೇಳ್ತೀನಿ. ಇಲ್ಲ ಅಂದರೆ ಬೇರೆ ಏಜೆನ್ಸಿ, ಅಲ್ಲೂ ಇಲ್ಲದಿದ್ದರೆ ಈ ಸಲ ಇದಕ್ಕಿಂತ ಕಡಿಮೆ ಎತ್ತರದ ಯಾವುದಾದರೂ ಚಾರಣ ಸಾಕು.