ಸೇವ್ ಮಾಡಿದ ಫೈಲ್ ಹೋಗಿದ್ದೆಲ್ಲಿಗೆ?

ಅಜ್ಜಿ ಹೇಳಿದ ಹಳೆಯ ನೆನಪುಗಳನ್ನೆಲ್ಲ ತಂಗಿ ಟೈಪ್ ಮಾಡಿ ನನಗೆ ಮೇಲ್ ಕಳಿಸಿದ್ದಳು. ಕೆಲವು ವರ್ಷಗಳ ಹಿಂದಿನ ಮಾತು. ನಾನು ಅಟ್ಯಾಚ್‌ಮೆಂಟನ್ನು ಔಟ್‌ಲುಕ್ ಎಂಬ ಮೇಲ್ ಪ್ರೋಗ್ರಾಮಿನಿಂದಲೇ ತೆರೆದು ತಿದ್ದುತ್ತಾ ಕೂತೆ. ಮೂರು ಗಂಟೆ ಹಿಡಿಯಿತು. ಆಗಾಗ ಸೇವ್ ಒತ್ತುತ್ತಲೇ ಇದ್ದೆ.

ಬೆಳಿಗ್ಗೆ ಅದೇ ಅಟ್ಯಾಚ್‌ಮೆಂಟ್ ತೆರೆದರೆ ತಂಗಿ ಕಳಿಸಿದ್ದು ಹೇಗಿತ್ತೋ ಹಾಗೇ ಇದೆ. ನಾನು ತಿದ್ದಿದ ಒಂದಕ್ಷರವೂ ಇಲ್ಲ. ಎದೆ ಧಸಕ್ಕೆಂದಿತು. ಹೆಸರು ಹಾಕಿ ಹುಡುಕಿದೆ, ಸಿಗಲಿಲ್ಲ.

ಕೊನೆಗೆ ಸುಳಿವು ಕೊಟ್ಟಿದ್ದು ವರ್ಡ್‌ನ ಇತ್ತೀಚಿನ ಫೈಲ್‌ಗಳ ಪಟ್ಟಿ. ಅಲ್ಲಿ ನನ್ನ ಫೈಲಿನ ಹೆಸರಿತ್ತು, ಜೊತೆಗೆ ಒಂದು ಉದ್ದನೆಯ ವಿಳಾಸ. ಪ್ರೋಗ್ರಾಮ್‌ಗಳು ತಮ್ಮ ಕೆಲಸದ ಫೈಲ್‌ಗಳನ್ನು ಇಟ್ಟುಕೊಳ್ಳುವ ಆ್ಯಪ್‌ಡೇಟಾ ಎಂಬ ಫೋಲ್ಡರಿನ ಒಳಗೆ, ಟೆಂಪರರಿ ಫೈಲ್‌ಗಳ ಆಳದಲ್ಲಿ, ಅರ್ಥವೇ ಇಲ್ಲದ ಎಂಟು ಅಕ್ಷರಗಳ ಹೆಸರಿನ ಫೋಲ್ಡರ್. ಒಂದೊಂದೇ ಕ್ಲಿಕ್ ಮಾಡುತ್ತಾ ಹೋದರೆ ಅದು ಕಾಣುವುದೇ ಇಲ್ಲ! ಅಡಗಿದ ಫೈಲ್‌ಗಳನ್ನು ತೋರಿಸು ಎಂದು ಸೆಟ್ಟಿಂಗ್ ಬದಲಿಸಿದರೂ ಇಲ್ಲ. ಆದರೆ ಇಡೀ ವಿಳಾಸವನ್ನು ಫೋಲ್ಡರ್ ಕಿಟಕಿಯ ಮೇಲ್ಗಡೆ ವಿಳಾಸ ತೋರಿಸುವ ಜಾಗದಲ್ಲಿ ಪೇಸ್ಟ್ ಮಾಡಿ ಎಂಟರ್ ಒತ್ತಿದೆ ನೋಡಿ, ನೇರವಾಗಿ ತೆರೆಯಿತು. ನನ್ನ ಫೈಲ್ ಅಲ್ಲೇ ಇತ್ತು.

ಆಮೇಲೆ ಕೂತು ಓದಿಕೊಂಡೆ. ಅಟ್ಯಾಚ್‌ಮೆಂಟ್ ತೆರೆದಾಗ ಮೇಲ್ ಪ್ರೋಗ್ರಾಮ್ ಅದರ ಒಂದು ನಕಲನ್ನು ಈ ಫೋಲ್ಡರಿಗೆ ಹಾಕಿ ನಮಗೆ ತೋರಿಸುತ್ತದೆ. ನಾವು ಸೇವ್ ಮಾಡುವುದು ಆ ನಕಲಿಗೆ. ಮೇಲ್ ಮುಚ್ಚುವಾಗ ಅದು ನಕಲನ್ನು ಅಳಿಸಲು ನೋಡುತ್ತದೆ. ಫೈಲ್ ಇನ್ನೂ ತೆರೆದೇ ಇದ್ದರೆ ಅಳಿಸಲು ಆಗುವುದಿಲ್ಲ, ನಕಲು ಅಲ್ಲೇ ಉಳಿದುಬಿಡುತ್ತದೆ. ಹಿಂದಿನ ರಾತ್ರಿ ನಾನು ಮೊದಲು ಮುಚ್ಚಿದ್ದು ಮೇಲ್ ಕಿಟಕಿ, ಆಮೇಲೆ ಫೈಲ್. ಸುಮ್ನೆ ಹಾಗಾಗಿದ್ದು. ಉಲ್ಟಾ ಆಗಿದ್ದರೆ ಮೂರು ಗಂಟೆಯ ಕೆಲಸ ಹೋಗುತ್ತಿತ್ತು.

ಆ ಫೋಲ್ಡರಿನಲ್ಲಿ ನನ್ನದೊಂದೇ ಇರಲಿಲ್ಲ. ಅಪ್ಪನ ಸ್ಕ್ಯಾನ್ ರಿಪೋರ್ಟ್, ಸಂಬಳದ ಚೀಟಿಗಳು, ನಾನು ಎಂದೋ ಡಿಲೀಟ್ ಮಾಡಿದ್ದ ಮೇಲ್‌ಗಳ ಕಾಗದಪತ್ರ. ಇದು ನನಗೆ ಜಾಸ್ತಿ ಕಳವಳ ತಂದಿತು. ಮೇಲ್ ಅಳಿಸಿದರೆ ಮುಗಿಯಿತು ಅಂದುಕೊಂಡಿರುತ್ತೇವೆ, ಅಲ್ವಾ?

ಒಂದೇ ವರದಿಯ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬೆಳೆಯುತ್ತಾ 99ಕ್ಕೆ ನಿಂತಿತ್ತು. ದಿನಾ ಬರುತ್ತಿದ್ದ ಆ ವರದಿ ಒಮ್ಮೆ ಇದ್ದಕ್ಕಿದ್ದಂತೆ 'ಫೈಲ್ ರಚಿಸಲು ಆಗುತ್ತಿಲ್ಲ' ಎಂದಿದ್ದೇಕೆ ಅಂತ ಆಗ ಹೊಳೆಯಿತು. ಔಟ್‌ಲುಕ್‌ನ ಹಳೆಯ ಆವೃತ್ತಿಗಳು ಒಂದೇ ಹೆಸರಿಗೆ ಅಷ್ಟರ ಮೇಲೆ ನಕಲು ಮಾಡುತ್ತಿರಲಿಲ್ಲ.

ಅಜ್ಜಿಯ ಫೈಲನ್ನು ಬೇರೆ ಕಡೆ ಇಟ್ಟು, ಉಳಿದದ್ದನ್ನೆಲ್ಲ ಅಳಿಸಿ, ತಂಗಿಗೆ ಫೋನ್ ಮಾಡಿದೆ. "ಅಕ್ಕಾ, ನಾನೂ ಯಾವಾಗಲೂ ಹಾಗೇ ತೆರೆಯೋದು" ಅಂದಳು. ಅವಳು ತನ್ನ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಹುಡುಕಿ ತೆರೆಯುವವರೆಗೂ ನಾನು ಫೋನ್ ಇಡಲಿಲ್ಲ.