ಅತ್ತೆಯ ಹರಕೆ, ನನ್ನ ಲೆಕ್ಕ

ಹರಕೆ ಹೊತ್ತವರು ಅತ್ತೆ. ಬೆಟ್ಟ ಹತ್ತಬೇಕಾದವಳು ನಾನು.

"ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿಸ್ತೀನಿ ಅಂತ ಬೇಡಿಕೊಂಡಿದ್ದೀನಿ ಕಣಮ್ಮ" ಅಂದರು ಒಂದು ಸಂಜೆ, ಅವರೆಕಾಳು ಬಿಡಿಸುತ್ತಾ. ಗಮನಿಸಿ, "ಹಚ್ತೀನಿ" ಅಲ್ಲ, "ಹಚ್ಚಿಸ್ತೀನಿ". ಅವರಿಗೆ ಮಂಡಿನೋವು. ದೇವಿಗೂ ಅದು ಗೊತ್ತು, ನನಗೂ ಗೊತ್ತು.

ಇವರು ಕೆಲಸ ಮಾಡುವ ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಅನ್ನೋ ಸುದ್ದಿ ಬಂದು ಎರಡು ತಿಂಗಳಾಗಿತ್ತು. ಪಟ್ಟಿ ಬರುತ್ತೆ ಅಂದರು. ಯಾವಾಗ ಅಂತ ಹೇಳಲಿಲ್ಲ. ಅದರಲ್ಲಿ ಯಾರ ಹೆಸರಿದೆ ಅಂತಲೂ ಇಲ್ಲ. ನಾನು ಅಕೌಂಟ್ಸ್ ಕೆಲಸದವಳು. ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗೋಕೆ ಮನಸ್ಸು ಬರಲ್ಲ. ರಾತ್ರಿ ಎದ್ದು ಮನೆ ಸಾಲದ ಕಂತು, ಮಗಳ ಫೀಸು, ಉಳಿತಾಯ ಎಲ್ಲ ಕೂಡಿ ಕಳೆದು, ಎಷ್ಟು ತಿಂಗಳು ತಡೆಯಬಹುದು ಅಂತ ನೋಡುತ್ತಿದ್ದೆ. ಒಂದೊಂದು ರಾತ್ರಿ ಒಂದೊಂದು ಉತ್ತರ ಬರುತ್ತಿತ್ತು.

ಹರಕೆ ಅಂದರೆ ಸಾಮಾನ್ಯವಾಗಿ ಕೆಲಸ ಆದ ಮೇಲೆ ತೀರಿಸೋದು. ಅತ್ತೆಯದ್ದು ಅಡ್ವಾನ್ಸ್ ಹರಕೆ.

ಆಷಾಢ ನಮ್ಮಲ್ಲಿ ಯಾರಿಗೂ ಬೇಡದ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸದಾಗಿ ಮದುವೆಯಾದವಳನ್ನು ತವರಿಗೆ ಕಳಿಸುತ್ತಾರೆ, ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಅಂತಾರೆ. ಮೋಡ ಕವಿದಿರುತ್ತೆ, ಮಳೆ ನಂಬೋ ಹಾಗಿಲ್ಲ, ಗಾಳಿಯಂತೂ ಕೇಳಲೇಬೇಡಿ. ಮೈಸೂರಿನವರಿಗೆ ಮಾತ್ರ ಇದು ತಾಯಿಯ ತಿಂಗಳು. ಅವಳ ವರ್ಧಂತಿ ಬರೋದೂ ಇದರಲ್ಲೇ. ಮುಹೂರ್ತವೇ ಇಲ್ಲದ ತಿಂಗಳನ್ನು ಅವಳೇ ಇಟ್ಟುಕೊಂಡಿದ್ದಾಳೆ ಅನ್ನೋದು ನನಗೆ ಯಾವಾಗಲೂ ಇಷ್ಟ. ಒಳ್ಳೆಯ ದಿನ ಬರಲಿ, ಆಮೇಲೆ ಬಾ ಅಂತ ಅವಳು ಹೇಳಲ್ಲ.

ಬೆಳಗಿನ ಜಾವ ಐದಕ್ಕೆ ಬೆಟ್ಟದ ಪಾದದಲ್ಲಿದ್ದೆ. ಜಿಟಿಜಿಟಿ ಮಳೆ. ಒಂದು ಡಬ್ಬಿಯಲ್ಲಿ ನೀರು ಹಾಕಿ ಕಲಸಿದ ಅರಿಶಿನ, ಇನ್ನೊಂದರಲ್ಲಿ ಕುಂಕುಮ. ಮೆಟ್ಟಿಲು ಸಾವಿರದ ಎಂಟು ಅಂತ ವಾಡಿಕೆ. ಬಗ್ಗು, ಅರಿಶಿನ ಹಚ್ಚು, ಅದರ ಮೇಲೆ ಕುಂಕುಮದ ಬೊಟ್ಟಿಡು, ಹತ್ತು. ನಾನು ಬಿಡದೆ ಎಣಿಸುತ್ತಿದ್ದೆ. ಐವತ್ತಕ್ಕೆಲ್ಲ ಸೊಂಟ ಹಿಡಿಯಿತು. ನೂರು ದಾಟಿದ ಮೇಲೆ ಬಗ್ಗಿದವಳು ಪೂರ್ತಿ ಎದ್ದು ನಿಲ್ಲೋದನ್ನೇ ಬಿಟ್ಟೆ.

ಬಗ್ಗಿಯೇ ಇರೋದರಿಂದ ಮೆಟ್ಟಿಲು ಮೂಗಿಗೆ ಹತ್ತಿರ. ಅಲ್ಲಿ ಖಾಲಿ ಜಾಗವೇ ಇಲ್ಲ. ನನಗಿಂತ ಮುಂಚೆ ಬಂದವರು ಆಗಲೇ ಹಚ್ಚಿದ್ದಾರೆ. ಅರಿಶಿನದ ಮೇಲೆ ಅರಿಶಿನ, ಕುಂಕುಮ ಮಳೆಗೆ ಕರಗಿ ಸಣ್ಣ ಕೆಂಪು ಗೆರೆಯಾಗಿ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿತ್ತು. ಅದರ ಮೇಲೇ ಜನ ಬರಿಗಾಲಲ್ಲಿ ಹತ್ತುತ್ತಿದ್ದರು. ನನ್ನನ್ನು ದಾಟಿ ಓಡಿದ ಒಂದು ಹುಡುಗನ ಅಂಗಾಲು ಪೂರ್ತಿ ಹಳದಿ. ಯಾರೋ ಯಾವುದಕ್ಕೋ ಬೇಡಿಕೊಂಡು ಹಚ್ಚಿದ್ದನ್ನು ಅವನು ಗೊತ್ತಿಲ್ಲದೆ ಮೇಲಕ್ಕೆ ಹೊತ್ತುಕೊಂಡು ಹೋಗುತ್ತಿದ್ದ.

ಪಕ್ಕದಲ್ಲಿ ನನ್ನ ಹಾಗೇ ಬಗ್ಗಿಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಕೇಳಿದರು, "ಎಷ್ಟನೇದು?"

"ಇನ್ನೂರ ನಲವತ್ತು."

"ನಂದು ಇನ್ನೂರ ಐವತ್ತೆರಡು!"

ಇಬ್ಬರೂ ನಿಂತಿದ್ದು ಒಂದೇ ಮೆಟ್ಟಿಲ ಮೇಲೆ. ನನಗೆ ಕಸಿವಿಸಿ. ಎಲ್ಲಿ ತಪ್ಪಿತು ಅಂತ ಹಿಂತಿರುಗಿ ನೋಡಿದೆ. ಅಜ್ಜಿ ನಕ್ಕುಬಿಟ್ಟರು. "ಹೋಗ್ಲಿ ಬಿಡವ್ವ, ನಾವೇನು ಅವಳಿಗೆ ಬಿಲ್ ಕೊಡ್ತೀವಾ?"

ಎಂಟರ ಹೊತ್ತಿಗೆ ಫೋನ್ ಬಂತು. ಇವರು. "ಇವತ್ತೂ ಪಟ್ಟಿ ಇಲ್ಲವಂತೆ. ಸೋಮವಾರ ಅಂತಿದ್ದಾರೆ." ಹೂಂ ಅಂದೆ. ಇಟ್ಟ ಮೇಲೆ ನೋಡಿದರೆ ಫೋನಿನ ಮೇಲೆ ನನ್ನ ಐದು ಬೆರಳೂ ಹಳದಿಯಾಗಿ ಮೂಡಿದ್ದವು. ಎಣಿಕೆ ಎಲ್ಲಿಗೆ ನಿಂತಿತ್ತೋ ನೆನಪಿಲ್ಲ. ನಾನೂರೋ, ಐನೂರೋ? ಎರಡು ನಿಮಿಷ ಅಲ್ಲೇ ಕೂತೆ. ಅಳು ಬರುತ್ತೆ ಅಂದುಕೊಂಡೆ, ಬರಲಿಲ್ಲ. ಡಬ್ಬಿಯಲ್ಲಿ ಇನ್ನೂ ಅರಿಶಿನ ಇತ್ತು. ಎದ್ದು ಮುಂದಿನದಕ್ಕೆ ಹಚ್ಚಿದೆ. ಆಮೇಲೆ ಎಣಿಸಲಿಲ್ಲ.

ಎಣಿಸೋದು ಬಿಟ್ಟ ಮೇಲೆ ಕಿವಿ ಬಿಚ್ಚಿಕೊಂಡ ಹಾಗಾಯಿತು. ಯಾರೋ ಲಲಿತಾ ಸಹಸ್ರನಾಮ ಹೇಳುತ್ತಾ ಅರ್ಧಕ್ಕೇ ಏದುಸಿರು ಬಿಟ್ಟು, ಮತ್ತೆ ಶುರು ಮಾಡುತ್ತಿದ್ದರು. ಕೆಳಗೆ ಮಂಜಿನಲ್ಲಿ ಮೈಸೂರು ಕಾಣುತ್ತಲೇ ಇರಲಿಲ್ಲ.

ನಂದಿ ಹತ್ತಿರ ಕೂತು ನೀರು ಕುಡಿದೆ. ಒಂದೇ ಬಂಡೆಯಲ್ಲಿ ಕಡೆದ, ಹದಿನೈದು ಅಡಿಗೂ ಎತ್ತರದ ನಂದಿ, ಕತ್ತಿನ ತುಂಬ ಕಲ್ಲಿನ ಗಂಟೆಸರ. ಈ ನಂದಿ, ಈ ಮೆಟ್ಟಿಲು ಎರಡನ್ನೂ ಮಾಡಿಸಿದ್ದು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಅಂತಾರೆ. ಮುನ್ನೂರ ಐವತ್ತು ವರ್ಷದಿಂದ ಜನ ಏನೇನು ಹೊತ್ತುಕೊಂಡು ಇವನ ಮುಂದೆ ಸುಸ್ತಾಗಿ ಕೂತಿರಬಹುದು, ಅಲ್ವಾ? ಬರ ಬಂದಾಗ, ಪ್ಲೇಗ್ ಬಂದಾಗ. ಅವನು ಮಾತ್ರ ಹಾಗೇ ಕಾಲು ಮಡಚಿ ಕೂತಿದ್ದಾನೆ. ಎದ್ದು ಹೋಗೋ ಅವಸರ ಇಲ್ಲ.

ಮೇಲೆ ಏಳು ನೆಲೆಯ ಗೋಪುರ, ಅದರ ಕೆಳಗೆ ಸುತ್ತಿ ಸುತ್ತಿ ಕ್ಯೂ. ಅದರ ಬಗ್ಗೆ ಹೇಳೋದಕ್ಕೇನೂ ಇಲ್ಲ, ಎಲ್ಲರೂ ನಿಂತಿರುತ್ತೀರಿ. ಕೊನೆಗೆ ಅಷ್ಟಭುಜದ ತಾಯಿಯ ಮುಂದೆ ಸಿಕ್ಕಿದ್ದು ಮೂರೋ ನಾಲ್ಕೋ ಸೆಕೆಂಡು. "ಮುಂದೆ ಹೋಗಿ, ಮುಂದೆ ಹೋಗಿ." ಮನೆಯಿಂದ ಹೊರಡುವಾಗ ಕೇಳಬೇಕಾದ್ದನ್ನೆಲ್ಲ ವರಸೆಯಾಗಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಅತ್ತೆ ಹರಕೆ ತಂದಿದ್ದೀನಮ್ಮ. ಲೆಕ್ಕ ಸ್ವಲ್ಪ ತಪ್ಪಿದೆ."

ಇಳಿಯುವಾಗ ಬಸ್ಸು. ಮನೆಗೆ ಬಂದು ಬಿಸಿನೀರು ಹಾಕಿಕೊಂಡು ಮಲಗಿದವಳಿಗೆ ಬೆಳಗಿನವರೆಗೂ ಎಚ್ಚರವಿಲ್ಲ. ತಾಯಿಯ ಕೃಪೆಯೋ, ಕಾಲುನೋವಿಗೆ ತಗೊಂಡ ಮಾತ್ರೆಯೋ, ನಾನು ವಾದ ಮಾಡೋಕೆ ಹೋಗಲ್ಲ. ಆ ರಾತ್ರಿ ಎದ್ದು ಕಂತು ಎಣಿಸಲಿಲ್ಲ. ಮಾರನೇ ರಾತ್ರಿ ಎಣಿಸಿದೆ, ಆದರೆ ಒಂದೇ ಸಲ.

ಸೋಮವಾರವೂ ಪಟ್ಟಿ ಬರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ನನ್ನ ಉಗುರಿನ ಸಂದಿಯ ಅರಿಶಿನ ಮಾತ್ರ ಇನ್ನೂ ಹೋಗಿಲ್ಲ, ಆಫೀಸಿನ ಕೀಬೋರ್ಡ್ ಮೇಲೆ ಟೈಪ್ ಮಾಡುವಾಗಲೆಲ್ಲ ಕಣ್ಣಿಗೆ ಬೀಳುತ್ತೆ.

ನಿನ್ನೆ ಅತ್ತೆ ನಿಧಾನಕ್ಕೆ ಬಾಯಿ ಬಿಟ್ಟರು. ಎಲ್ಲ ಸರಿಹೋದರೆ ಮುಂದಿನ ಆಷಾಢದಲ್ಲೂ ಹಚ್ಚಿಸ್ತೀನಿ ಅಂತ ಬೇಡಿಕೊಂಡಿದ್ದಾರಂತೆ. ಸರಿ ಅಂದೆ. ಎರಡೂ ಡಬ್ಬಿ ತೊಳೆದು ಒಣಗಿಸಿ ಕೈಗೆಟಕುವ ಕಡೆ ಇಟ್ಟಿದ್ದೇನೆ.