ಗುಲ್ಮದ ದಾರಿ ಹಿಡಿದ ಆರ್‌ಎನ್‌ಎ

18 ಜನವರಿ 2025, ಶನಿವಾರ
ವಿರಾಜಪೇಟೆ

ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲೂ ಪಕ್ಕದ ತೋಟದ ಅಣ್ಣ ಸಂಜೆ ಬಂದರು. ಕೈಯಲ್ಲಿ ಫೋನು. “ಮೇಷ್ಟ್ರೇ, ರಷ್ಯಾದವರು ಕ್ಯಾನ್ಸರಿಗೆ ಲಸಿಕೆ ಮಾಡಿದ್ದಾರಂತೆ, ಫ್ರೀ ಅಂತೆ. ನಮ್ಮ ಭಾವನಿಗೆ ಸಿಗ್ತದಾ?”

ಭಾವನಿಗೆ ಹೋದ ಮಳೆಗಾಲ ಮೈಸೂರಿನಲ್ಲಿ ಮೇದೋಜೀರಕ ಗ್ರಂಥಿಯ ಆಪರೇಷನ್ ಆಗಿದೆ, ಈಗ ಕೀಮೋ ನಡೀತಿದೆ. ಹಾಗಾಗಿ ವಾಟ್ಸಾಪ್ ಸುದ್ದಿ ಅಂತ ನಕ್ಕು ಕಳಿಸುವ ಹಾಗಿರಲಿಲ್ಲ. ಡಿಸೆಂಬರಿನಲ್ಲಿ ರಷ್ಯಾದ ಆರೋಗ್ಯ ಸಚಿವಾಲಯ ಆಡಿದ ಮಾತು ಅದು. ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಯಾವುದೂ ಅದರ ಜೊತೆ ಬಂದಿಲ್ಲ. ಫಲಿತಾಂಶ ಬಂದಿರುವುದು ಬೇರೆ ಕಡೆಯಿಂದ, ಅದೂ ಭಾವನಿಗೆ ಬಂದ ಅದೇ ಕಾಯಿಲೆಯಲ್ಲಿ. ಅದನ್ನು ಹೇಳಲೋ ಬೇಡವೋ ಅಂತ ಕಾಫಿ ಮುಗಿಯುವವರೆಗೂ ಯೋಚಿಸಿದೆ. ಕೊನೆಗೆ ಹೇಳಿಯೇಬಿಟ್ಟೆ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಆಪರೇಷನ್ ಆದ 16 ರೋಗಿಗಳಿಗೆ ಬಯೋಎನ್‌ಟೆಕ್ ಕಂಪನಿಯ ಆರ್‌ಎನ್‌ಎ ಲಸಿಕೆ ಕೊಟ್ಟರು. ಆರ್‌ಎನ್‌ಎ ಅಂದರೆ ಯಾವ ಪ್ರೋಟೀನು ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಚೀಟಿ ಇದ್ದ ಹಾಗೆ. ಪ್ರತಿಯೊಬ್ಬರದೂ ಬೇರೆ ಬೇರೆ ಲಸಿಕೆ. ಅವರವರ ಗಡ್ಡೆಯ ಜೀನುಗಳನ್ನು ಓದಿ, ಆರೋಗ್ಯವಾದ ಜೀವಕೋಶದಲ್ಲಿ ಇಲ್ಲದ ಬದಲಾವಣೆಗಳನ್ನು ಹುಡುಕಿ, ಹೆಚ್ಚೆಂದರೆ 20 ಗುರುತುಗಳನ್ನು ಆರ್‌ಎನ್‌ಎಯಲ್ಲಿ ಬರೆದರು. ಜೊತೆಗೆ ಕೀಮೋ ಮತ್ತು ದೇಹದ ರಕ್ಷಣಾ ಕೋಶಗಳನ್ನು ಚುರುಕುಗೊಳಿಸುವ ಇನ್ನೊಂದು ಇಮ್ಯುನೋಥೆರಪಿ ಔಷಧವೂ ಇತ್ತು. 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 8 ಮಂದಿಯ ಟಿ-ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಆ ಗುರುತು ಹಿಡಿದು ಎದ್ದು ನಿಂತವು, ಅವರಲ್ಲಿ ರೋಗ ಮರುಕಳಿಸುವುದು ತಡವಾಯಿತು. ಉಳಿದ 8 ಮಂದಿಯಲ್ಲಿ ಟಿ-ಕೋಶಗಳು ಏಳಲಿಲ್ಲ. “ಅರ್ಧಕ್ಕರ್ಧ” ಅಂದರು ಅಣ್ಣ. ಹದಿನಾರೇ ಜನರ ಮೇಲೆ ಅರ್ಧಕ್ಕರ್ಧ ಅನ್ನುವುದೂ ದೊಡ್ಡ ಮಾತೇ, ಅಂದೆ.

“ಆರ್‌ಎನ್‌ಎ ಅಂದ್ರೆ ಕೋವಿಡ್ದೇ ಅಲ್ವಾ?” ಹೌದು, ಮತ್ತು ಅಲ್ಲ. ನನಗೆ ಈ ವಿಷಯದಲ್ಲಿ ರುಚಿ ಹತ್ತಿದ್ದೇ ಇಲ್ಲಿ. ಬರೀ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಕಿಣ್ವಗಳು ಕ್ಷಣದಲ್ಲಿ ತುಂಡರಿಸುತ್ತವೆ. ಅಂಟು ಸೇರಿಸದೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದು ಮಳೆಗೆ ಬಿಟ್ಟ ಹಾಗೆ. ಅದಕ್ಕೇ ಕೋವಿಡ್ ಲಸಿಕೆಯಲ್ಲಿ ಅದನ್ನು ಕೊಬ್ಬಿನ ನ್ಯಾನೋಕಣದಲ್ಲಿ ಸುತ್ತಿದ್ದರು. ಅಗಲ ನೂರು ನ್ಯಾನೋಮೀಟರಿನ ಆಸುಪಾಸು. ಒಂದು ಮಿಲಿಮೀಟರಿನಲ್ಲಿ ಹತ್ತು ಸಾವಿರ ಸಾಲಾಗಿ ಕೂರಬಹುದು. ಅದರಲ್ಲಿ ನಾಲ್ಕು ಬಗೆಯ ಲಿಪಿಡ್, ಅಂದರೆ ಕೊಬ್ಬಿನ ಸಾಮಾನು: ಕೊಲೆಸ್ಟೆರಾಲ್, ಫಾಸ್ಫೋಲಿಪಿಡ್, ಪೆಗ್ ಎಂಬ ಪಾಲಿಮರ್ ಹಚ್ಚಿದ ಲಿಪಿಡ್, ಮತ್ತೆ ಎಲ್ಲಕ್ಕಿಂತ ಜಾಣ ಒಂದು ಲಿಪಿಡ್. ಅದು ರಕ್ತದಲ್ಲಿ ವಿದ್ಯುದಂಶವಿಲ್ಲದೆ ತಣ್ಣಗಿರುತ್ತದೆ. ಜೀವಕೋಶ ನುಂಗಿದ ಮೇಲೆ, ಒಳಗಿನ ಚೀಲದ ಆಮ್ಲ ತಾಗಿದಾಗ ಧನಾತ್ಮಕವಾಗಿ, ಚೀಲದ ಗೋಡೆ ಕೆಡಿಸಿ ಆರ್‌ಎನ್‌ಎಯನ್ನು ಹೊರಗೆ ಬಿಡುತ್ತದೆ.

ಆದರೆ ಇಂಥ ಕಣವನ್ನು ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಸೇರುವುದು ಲಿವರಿಗೆ. ರಕ್ತದ ಎಪೋ-ಇ ಎಂಬ ಪ್ರೋಟೀನು ಮೈಗೆ ಮೆತ್ತಿಕೊಳ್ಳುತ್ತದೆ, ಲಿವರಿನ ಕೋಶಗಳು ಅದನ್ನು ಕಂಡು ಒಳಗೆ ಎಳೆದುಕೊಳ್ಳುತ್ತವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಟಿಸಿರಾನ್ ಎಂಬ ಆರ್‌ಎನ್‌ಎ ಔಷಧಕ್ಕೆ ಅದೇ ವರವಾಯಿತು, ಅದು ತಡೆಯಬೇಕಿದ್ದ ಪ್ರೋಟೀನು ಹುಟ್ಟುವುದೇ ಲಿವರಿನಲ್ಲಿ. ಟಿ-ಕೋಶಗಳಿಗೆ ಪಾಠ ಹೇಳಬೇಕಾದರೆ ಮಾತ್ರ ಹೋಗಬೇಕಾದ್ದು ಗುಲ್ಮಕ್ಕೆ (ಸ್ಪ್ಲೀನ್), ಅಲ್ಲಿರುವ, ಟಿ-ಕೋಶಗಳಿಗೆ ಶತ್ರುವಿನ ಗುರುತು ತೋರಿಸುವ ಡೆಂಡ್ರಿಟಿಕ್ ಕೋಶಗಳಿಗೆ. 2016ರಲ್ಲಿ ಜರ್ಮನಿಯ ಮೈಂಜ್‌ನವರು ತೋರಿಸಿದ ಉಪಾಯ ಎಷ್ಟು ಸರಳ ಅಂದರೆ ಹೊಟ್ಟೆಕಿಚ್ಚಾಗುತ್ತದೆ: ಹೊಸ ಅಣು ಏನನ್ನೂ ಅಂಟಿಸಲಿಲ್ಲ. ಲಿಪಿಡ್ ಸ್ವಲ್ಪ ಕಡಿಮೆ, ಆರ್‌ಎನ್‌ಎ ಸ್ವಲ್ಪ ಜಾಸ್ತಿ ಮಾಡಿ ಕಣವನ್ನು ತುಸು ಋಣಾತ್ಮಕಗೊಳಿಸಿದರು. ಅದು ಗುಲ್ಮದ ದಾರಿ ಹಿಡಿಯಿತು. ಮೇಲೆ ಹೇಳಿದ 16 ಮಂದಿಗೆ ಕೊಟ್ಟ ಲಸಿಕೆಯೂ ಈ ಜಾತಿಯ ಲಿಪಿಡ್ ಪೊಟ್ಟಣದಲ್ಲೇ ಹೋಗಿದ್ದು.

ಇನ್ನೊಂದು ತಮಾಷೆ. ವಿಜ್ಞಾನಿಗಳಾದ ಕಾರಿಕೊ ಮತ್ತು ವೈಸ್‌ಮನ್‌ಗೆ 2023ರ ನೊಬೆಲ್ ಬಂದಿದ್ದು ಆರ್‌ಎನ್‌ಎಯ ಯೂರಿಡಿನ್ ಎಂಬ ಅಕ್ಷರ ಬದಲಿಸಿ ದೇಹದ ರೋಗನಿರೋಧಕ ಗಲಾಟೆ ತಗ್ಗಿಸಿದ್ದಕ್ಕೆ. ಈ ಕ್ಯಾನ್ಸರ್ ಲಸಿಕೆಯಲ್ಲಿ ಯೂರಿಡಿನ್ನನ್ನು ಬೇಕೆಂದೇ ಹಾಗೇ ಬಿಟ್ಟಿದ್ದಾರೆ. ಗಡ್ಡೆಯ ವಿರುದ್ಧ ದೇಹ ಗಲಾಟೆ ಮಾಡಲಿ ಅಂತಲೇ.

ಇದನ್ನೆಲ್ಲ ಅಣ್ಣನಿಗೆ ಇಷ್ಟು ಉದ್ದ ಹೇಳಲಿಲ್ಲ. ಭಾವನಿಗೆ ಈ ಲಸಿಕೆ ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ, ಎಲ್ಲ ಇನ್ನೂ ಪ್ರಯೋಗದ ಹಂತ, ಕೀಮೋ ಒಂದು ಸರದಿಯನ್ನೂ ತಪ್ಪಿಸಬೇಡಿ ಎಂದೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 157 ಮಂದಿ ರೋಗಿಗಳಲ್ಲಿ ನೋಡಿದ ಲಸಿಕೆ, ಜೊತೆಯ ಔಷಧವೊಂದನ್ನೇ ಕೊಟ್ಟವರಿಗಿಂತ ರೋಗ ಮರಳುವ ಅಥವಾ ಸಾಯುವ ಅಪಾಯವನ್ನು 44% ಇಳಿಸಿತು. ಅದೂ ಈಗ ಮೂರನೇ ಹಂತದಲ್ಲಿದೆ. ನಮ್ಮಲ್ಲಿ ಪುಣೆಯ ಜೆನ್ನೋವಾ 2022ರಲ್ಲೇ ಕೋವಿಡ್ ಆರ್‌ಎನ್‌ಎ ಲಸಿಕೆಯನ್ನು ಪುಡಿ ಮಾಡಿ ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಇಡುವ ಹಾಗೆ ಮಾಡಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮೂರಿನವನಿಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದು ಲಸಿಕೆ ಹೊಲಿಯುವ ಖರ್ಚು ಬೇರೆಯೇ ಕಥೆ.

ಆಮೇಲೆ ಆಸ್ಪತ್ರೆ ಫೈಲು ತರಿಸಿ ನೋಡಿದೆ. ಸ್ಕ್ಯಾನು, ಬಿಲ್ಲು ಎಲ್ಲ ಉಂಟು, ಬಯಾಪ್ಸಿಯ ಮೇಣದ ಬ್ಲಾಕ್ ಇಲ್ಲ. ಬೆರಳಗಲದ ಪ್ಲಾಸ್ಟಿಕ್ ಕ್ಯಾಸೆಟ್ಟು, ಅದರ ಮೇಣದೊಳಗೆ ಹುರುಳಿಕಾಳಿನಷ್ಟು ಗಡ್ಡೆ. ಮುಂದೆ ಯಾರಾದರೂ ಜೀನು ಓದಿಸುವುದಾದರೆ ಮೊದಲು ಕೇಳುವುದು ಅದನ್ನೇ. ಸೋಮವಾರ ಕೀಮೋಗೆ ಹೋದಾಗ ಪೆಥಾಲಜಿಯಲ್ಲಿ ಬ್ಲಾಕ್ ಇದೆಯಾ ಕೇಳಿ, ಭಾರತದ ಪ್ರಯೋಗಗಳ ಪಟ್ಟಿ ಸಿಟಿಆರ್‌ಐ ವೆಬ್‌ಸೈಟಿನಲ್ಲಿರುತ್ತೆ, ಅದನ್ನೂ ಡಾಕ್ಟರ ಹತ್ತಿರ ಪ್ರಸ್ತಾಪ ಮಾಡಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಣ್ಣ ಚೀಟಿಯ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದರು.